ಮಳೆಗಾಲದಲ್ಲಿ ಬೈಕು ಹೊರಡದಿದ್ದರೆ

ಪುತ್ತಿಗೆಯ ಕಡೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಲು ಮಳೆ ಹೊಳವಾದ ದಿನವೇ ಬೇಕು. ಅಂದು ಮೈಲುತುತ್ತು ತರಲು ಹೊರಟಾಗ ಬೈಕಿನ ಸೆಲ್ಫ್ ತಿರುಗದಿದ್ದರೆ ದಿನವೇ ಹಾಳು. ಆದರೂ ಅವಸರದಿಂದ ಹೊಸ ಬ್ಯಾಟರಿ ಕೊಳ್ಳಬಾರದು.

ಮೊದಲು ಕೀಲಿ ತೆಗೆದು ಬ್ಯಾಟರಿಯ ತುದಿಗಳನ್ನು ನೋಡಿರಿ. ಬಿಳಿ ಅಥವಾ ಹಸಿರು ಹುಡಿ ಕಟ್ಟಿದ್ದರೆ ತಂತಿ ಬಿಚ್ಚಿ, ಉಜ್ಜಿ, ಬಿಗಿಯಾಗಿ ಜೋಡಿಸಿರಿ. ಬಿಚ್ಚುವಾಗ ಋಣ ತಂತಿ ಮೊದಲು. ಜೋಡಿಸುವಾಗ ಅದೇ ಕೊನೆಗೆ.

ಬಳಿಕ ಫ್ಯೂಸ್. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕತಕ್ಕದ್ದು. ದಪ್ಪ ತಂತಿ ಸುತ್ತಿದರೆ ಬೈಕಿಗೇ ಬೆಂಕಿ ಹತ್ತೀತು.

ಮಲ್ಟಿಮೀಟರು ಇದ್ದರೆ ಇನ್ನೂ ಸುಲಭ. ತುಂಬಿದ 12 ವೋಲ್ಟಿನ ಬ್ಯಾಟರಿ ಸುಮಾರು 12.6 ತೋರಿಸುವುದು; ಎಂಜಿನು ವೇಗವಾಗಿ ಓಡುವಾಗ ಸುಮಾರು 14. ಆಗಲೂ 13ಕ್ಕೆ ಏರದಿದ್ದರೆ ಚಾರ್ಜಿನ ಕಾಯಿಲು, ರೆಗ್ಯುಲೇಟರುಗಳನ್ನು ಪರೀಕ್ಷೆ ಮಾಡಿಸಿರಿ. ದೋಷ ಅಲ್ಲಿದ್ದರೆ ಹೊಸ ಬ್ಯಾಟರಿಯೂ ಬೇಗನೆ ಬರಿದಾಗುವುದು.