‘ಸರ್, ಇದು ನಿಮ್ಮನೆ ಅಡ್ರೆಸ್ ಅಲ್ವಾ?’

ಅತಿಥಿ ಉಪನ್ಯಾಸಕನಾಗಿ ಸೇರಿದ ಮೊದಲ ವರ್ಷವೇ ಬಿಸಿಎ ಮಕ್ಕಳ ವೆಬ್ ಲ್ಯಾಬ್ ನನ್ನ ಪಾಲಿಗೆ ಬಂತು. ಲ್ಯಾಬಿನಲ್ಲಿ ಇಪ್ಪತ್ತು ಕಂಪ್ಯೂಟರ್; ಇಂಟರ್ನೆಟ್ ಇದ್ದದ್ದು ಆಫೀಸಿನಲ್ಲಿ ಮಾತ್ರ. ಎರಡು ಗಂಟೆಯಲ್ಲಿ ಎಲ್ಲವನ್ನೂ ಟೈಪ್ ಮಾಡಿಸಲು ಹೋದರೆ ತೆರೆದ ಟ್ಯಾಗ್ ಮುಚ್ಚುವಷ್ಟರಲ್ಲಿ ಬೆಲ್ಲು. ಮಾದರಿ ಫೈಲುಗಳನ್ನು ಮನೆಯಲ್ಲಿ ಹುಡುಕಿ, ಪೆನ್‌ಡ್ರೈವ್‌ಗೆ ಹಾಕಿ ತಂದು ಹಂಚಿದರಾಯಿತು ಅಂದುಕೊಂಡೆ. ಅದೇನು ಮಹಾ ಕೆಲಸ?

ಮೊದಲ ದಿನ ಪುಟ ತೆರೆದುಕೊಂಡಿತು. ಬಣ್ಣವಿಲ್ಲ, ಚೌಕವಿಲ್ಲ, ಫೋಟೋ ಇರಬೇಕಾದ ಕಡೆ ಹರಿದ ಚಿತ್ರದ ಗುರುತು. ಇಪ್ಪತ್ತು ಪರದೆಯಲ್ಲೂ ಅದೇ ಅವತಾರ. ನಾನು ಬೆವರುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೋಡ್ ತೆರೆದು ನೋಡಿ ಕೇಳಿದಳು: “ಸರ್, ಇದು ನಿಮ್ಮನೆ ಅಡ್ರೆಸ್ ಅಲ್ವಾ?” ಚಿತ್ರದ ದಾರಿ ನನ್ನ ಲ್ಯಾಪ್‌ಟಾಪಿನ ಡಿ ಡ್ರೈವ್‌ನಿಂದ ಶುರುವಾಗಿತ್ತು. ಆ ಫೋಲ್ಡರ್ ಲ್ಯಾಬಿನಲ್ಲಿ ಎಲ್ಲಿಂದ ಬರಬೇಕು? ಪುಟಕ್ಕೆ ಬಣ್ಣ, ಚೌಕ ಕೊಡುವ ಬೂಟ್‌ಸ್ಟ್ರಾಪ್‌ನದೂ ಅದೇ ಕತೆ. ಫೈಲನ್ನು ನಾನು ಇಳಿಸಿಕೊಂಡೇ ಇರಲಿಲ್ಲ, ಪುಟದಲ್ಲಿ ಇದ್ದದ್ದು ಅದರ ಆನ್‌ಲೈನ್ ಲಿಂಕ್. ಮನೆಯ ವೈಫೈ ನನ್ನ ಮಾನ ಕಾಪಾಡಿತ್ತು, ಅಷ್ಟೆ.

ಇನ್ನೊಂದು ಸಲ ಗಿಟ್‌ಹಬ್‌ನಲ್ಲಿ ಒಂದು ಸಿಎಸ್‌ಎಸ್ ಫೈಲಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಸೇವ್ ಮಾಡಿಕೊಂಡೆ. ಲ್ಯಾಬಿನಲ್ಲಿ ಅದು ಜಪ್ಪಯ್ಯ ಅಂದರೂ ಕೆಲಸ ಮಾಡಲಿಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಿಎಸ್‌ಎಸ್‌ನ ತಲೆಯಲ್ಲಿ ಎಚ್‌ಟಿಎಂಎಲ್‌ನ ಡಾಕ್‌ಟೈಪ್! ನಾನು ಉಳಿಸಿಕೊಂಡದ್ದು ಫೈಲನ್ನಲ್ಲ, ಫೈಲನ್ನು ತೋರಿಸುವ ಪುಟವನ್ನು. ‘ರಾ’ ಗುಂಡಿ ಒತ್ತಿ ಉಳಿಸಬೇಕು, ಇಲ್ಲವೇ ಇಡೀ ಫೋಲ್ಡರನ್ನು ಜಿಪ್ ಆಗಿ ಇಳಿಸಬೇಕು. ಜಿಪ್ ಅಂದರೆ ಮತ್ತೊಂದು ಪೀಕಲಾಟ: ಮಕ್ಕಳು ಅದನ್ನು ಬಿಚ್ಚದೆ ಒಳಗಿನ ಪುಟದ ಮೇಲೆ ಡಬಲ್ ಕ್ಲಿಕ್ ಮಾಡುತ್ತಾರೆ. ವಿಂಡೋಸ್ ಆ ಒಂದು ಫೈಲನ್ನಷ್ಟೇ ತಾತ್ಕಾಲಿಕ ಜಾಗಕ್ಕೆ ಎಳೆದು ತೋರಿಸುತ್ತದೆ. ಸಿಎಸ್‌ಎಸ್ ಜಿಪ್‌ನೊಳಗೇ ಉಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ಉದ್ಧರಣ ಚಿಹ್ನೆ. ಲ್ಯಾಬ್ ಮ್ಯಾನುಯಲ್ಲನ್ನು ವರ್ಡ್‌ನಲ್ಲಿ ಟೈಪ್ ಮಾಡಿದ್ದೆ. ನೆಟ್ಟಗಿನ ಚಿಹ್ನೆಗಳನ್ನು ವರ್ಡ್ ಅಂದಗಾಣಿಸಿ ಬಾಗಿಸಿಟ್ಟಿತ್ತು. ಅದನ್ನು ಕಾಪಿ ಮಾಡಿ ಅಂಟಿಸಿದರೆ ಬ್ರೌಸರ್‌ಗೆ ಆ ಬಾಗಿದ ಗೆರೆಯೂ ಹೆಸರಿನ ಒಂದು ಭಾಗ. ಚಿತ್ರದ ಹೆಸರನ್ನು ಗೆರೆಸಮೇತ ಹುಡುಕುತ್ತದೆ, ಸಿಗದಿದ್ದರೆ ಹರಿದ ಗುರುತು ತೋರಿಸಿ ಕೈತೊಳೆದುಕೊಳ್ಳುತ್ತದೆ. ಎಲ್ಲಿ ತಪ್ಪಿದೆ ಎಂದು ಪುಟದಲ್ಲಿ ಹೇಳುವುದಿಲ್ಲ. ಒಂದು ಇಡೀ ಪ್ರಾಕ್ಟಿಕಲ್ ಹಾಗೇ ಹೋಯಿತು. ಇವತ್ತಿಗೂ ಕೋಡನ್ನು ವರ್ಡ್‌ನಲ್ಲಿ ಬರೆಯುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಊರ ಜಾತ್ರೆಯ ಬಗ್ಗೆ ಕನ್ನಡದ ಪುಟ ಮಾಡಿಸೋಣ ಎಂದು ಹಳೆಯ ನುಡಿ ಫೈಲಿನಿಂದ ಪಠ್ಯ ತಂದಾಗ ಬ್ರೌಸರ್‌ನಲ್ಲಿ ಬಂದದ್ದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಅದು ಯೂನಿಕೋಡ್ ಆಗಿರಲಿಲ್ಲ. ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ, ತಲೆಯಲ್ಲಿ ಯುಟಿಎಫ್-8 ಎಂದು ಸೇರಿಸಿದ ಮೇಲೆ ತೇರು ಹೊರಟಿತು.

ಯಾರದ್ದೋ ಕೋಡ್ ಹಂಚಬಹುದೇ ಎಂಬ ಪ್ರಶ್ನೆ ನನಗೆ ತಡವಾಗಿ ಹೊಳೆಯಿತು. ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತಿದ್ದರೂ ಲೈಸೆನ್ಸ್ ಇಲ್ಲದಿದ್ದರೆ ಹಕ್ಕು ಬರೆದವರದ್ದೇ. ಮೊಜಿಲ್ಲಾದ ಎಂಡಿಎನ್‌ನಲ್ಲಿ 2010ರ ಆಗಸ್ಟ್ 20ರಿಂದೀಚೆಗೆ ಸೇರಿದ ಮಾದರಿ ಕೋಡ್‌ಗಳು ಮಾತ್ರ ಸಾರ್ವಜನಿಕ ಸ್ವತ್ತು. ಹೆಚ್ಚಿನದನ್ನು ಈಗ ಅಲ್ಲಿಂದಲೇ ತರುತ್ತೇನೆ.

ಲ್ಯಾಬಿನ ಹಿಂದಿನ ರಾತ್ರಿ ವೈಫೈ ಆರಿಸಿ, ಪೆನ್‌ಡ್ರೈವನ್ನು ಹೆಂಡತಿಯ ಲ್ಯಾಪ್‌ಟಾಪಿಗೆ ಚುಚ್ಚಿ ಒಂದೊಂದೇ ಫೈಲ್ ತೆರೆದು ನೋಡುತ್ತೇನೆ. ಆ ಅರ್ಧ ಗಂಟೆ ಅವಳ ಧಾರಾವಾಹಿ ನಿಲ್ಲುತ್ತದೆ, ಬೈಗುಳ ತಪ್ಪಿದ್ದಲ್ಲ.