ಗಡಿನಾಡಿನ ಶಾಲೆಯಲ್ಲಿ ಆಪ್ತಸಮಾಲೋಚನೆ: ಮಗುವಿನ ಭಾಷೆ, ಶಿಕ್ಷಕರ ಸಿದ್ಧತೆ

ಪಾಠದ ಉದ್ದೇಶಗಳು

ಈ ಪಾಠದ ಅಧ್ಯಯನದ ನಂತರ ಶಿಕ್ಷಕರು
(ಅ) ಮಕ್ಕಳ ಮನೋವೇದನೆ ಯಾವ ಮಾತುಗಳಲ್ಲಿ, ಯಾವ ದೈಹಿಕ ಲಕ್ಷಣಗಳಲ್ಲಿ ವ್ಯಕ್ತವಾಗುತ್ತದೆ ಎಂಬುದನ್ನು ಗುರುತಿಸುವರು;
(ಆ) ತಮ್ಮ ಕರ್ತವ್ಯದ ಮೇರೆಯನ್ನೂ ಕಾನೂನಿನ ಹೊಣೆಯನ್ನೂ ಅರಿಯುವರು;
(ಇ) ಬೇರೆ ಭಾಷೆಯ ಸಮಾಲೋಚಕರಿಗೂ ಮಗುವಿಗೂ ನಡುವೆ ಸೇತುವಾಗುವ ಕ್ರಮವನ್ನು ತಿಳಿಯುವರು;
(ಈ) ಸಮಾಲೋಚನೆಯ ತರಬೇತಿಗೆ ಲಭ್ಯವಿರುವ ಅವಕಾಶಗಳನ್ನು ಬಳಸಿಕೊಳ್ಳುವರು.

1. ಪೀಠಿಕೆ

ಗಡಿನಾಡಿನ ಕನ್ನಡ ಶಾಲೆಯ ಮಗು ದಿನವೊಂದರಲ್ಲಿ ಎರಡು ಮೂರು ಭಾಷೆಗಳನ್ನು ದಾಟಿ ಬರುತ್ತದೆ. ಕಾಸರಗೋಡಿನ ಮಗುವಿಗೆ ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕ ಕನ್ನಡವೋ ಇದ್ದರೆ ತರಗತಿಯಲ್ಲಿ ಗ್ರಂಥಸ್ಥ ಕನ್ನಡ, ಕಚೇರಿಯಲ್ಲಿ ಮಲಯಾಳ. ಅಕ್ಕಲಕೋಟೆಯಲ್ಲಿ ಮರಾಠಿಯೂ ಆದೋನಿಯಲ್ಲಿ ತೆಲುಗೂ ತಾಳವಾಡಿಯಲ್ಲಿ ತಮಿಳೂ ಆ ಸ್ಥಾನದಲ್ಲಿವೆ. ಲೆಕ್ಕವನ್ನೋ ವಿಜ್ಞಾನವನ್ನೋ ಎರಡನೆಯ ಭಾಷೆಯಲ್ಲಿ ಕಲಿಯಬಹುದು. ಆದರೆ ಭಯ, ನಾಚಿಕೆ, ಅಗಲಿಕೆಯ ನೋವುಗಳು ಮೊದಲು ಬಾಯಿಗೆ ಬರುವುದು ಮನೆಮಾತಿನಲ್ಲಿಯೇ.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಬೇಕೆಂದು ಹೇಳುತ್ತದೆ. ಪಾಠಪುಸ್ತಕ, ಶಿಕ್ಷಕರ ನೇಮಕ, ಪ್ರಶ್ನೆಪತ್ರಿಕೆ ಇವುಗಳ ವಿಷಯದಲ್ಲಿ ನಾವು ಈ ಹಕ್ಕನ್ನು ಕೇಳುತ್ತಲೇ ಬಂದಿದ್ದೇವೆ. ಮಗುವಿನ ಸಂಕಟವನ್ನು ಅದರ ಮಾತಿನಲ್ಲಿಯೇ ಕೇಳುವವರು ಶಾಲೆಯಲ್ಲಿ ಇರಬೇಕೆಂಬುದು ಅದೇ ಹಕ್ಕಿನ ಮುಂದುವರಿಕೆ. ಆ ಕೇಳುಗರು ಬಹುಮಟ್ಟಿಗೆ ಕನ್ನಡ ಶಿಕ್ಷಕರೇ ಆಗಿರುವುದರಿಂದ ಈ ಪಾಠವು ಅವರ ಸಿದ್ಧತೆಯನ್ನು ಕುರಿತದ್ದಾಗಿದೆ.

2. ಬಳ್ಳಾರಿಯ ಪಾಠ

ಮನೋವೈದ್ಯರಲ್ಲದವರು ಮಾನಸಿಕ ಆರೋಗ್ಯಕ್ಕೆ ಏನು ಮಾಡಬಲ್ಲರು ಎಂಬ ಪ್ರಶ್ನೆಗೆ ಉತ್ತರ ನಮ್ಮ ಸಮೀಪದಲ್ಲಿಯೇ ಇದೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು 1982ರಲ್ಲಿ ಆರಂಭವಾಯಿತು. ಅದನ್ನು ಜಿಲ್ಲಾಮಟ್ಟದಲ್ಲಿ ನಡೆಸುವ ಬಗೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗಿಸಿ ನೋಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ನೀಡಿ, ಅಗತ್ಯ ಔಷಧಗಳನ್ನು ಅಲ್ಲಿಯೇ ದೊರಕುವಂತೆ ಮಾಡಿ, ಕಠಿಣ ಪ್ರಕರಣಗಳನ್ನು ಮಾತ್ರ ತಜ್ಞರಿಗೆ ಕಳುಹಿಸುವುದು ಅದರ ಕ್ರಮ. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಈ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಜಾರಿಗೆ ಬಂದಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದವು ಎಂಬುದನ್ನು ಆ ಸೀಮೆಯ ಶಿಕ್ಷಕರು ನೆನೆಯಬಹುದು.

ಬಳ್ಳಾರಿಯಿಂದ ನಾವು ಕಲಿಯಬೇಕಾದುದು ಇಷ್ಟು: ಜನರ ಸಮೀಪದಲ್ಲಿರುವವರು, ಜನರ ಮಾತನ್ನು ಬಲ್ಲವರು, ಮಿತವಾದ ತರಬೇತಿಯಿಂದ ಮೊದಲ ಹಂತದ ನೆರವನ್ನು ನೀಡಬಲ್ಲರು, ಆದರೆ ಯಾವುದನ್ನು ತಾವು ಮಾಡಬೇಕು, ಯಾವುದನ್ನು ಮುಂದಕ್ಕೆ ಕಳುಹಿಸಬೇಕು ಎಂಬ ತಿಳಿವು ಅವರಲ್ಲಿ ಸ್ಪಷ್ಟವಾಗಿರಬೇಕು.

3. ಸಂಸ್ಕೃತಿಯನ್ನು ಅರಿತ ಆರೈಕೆ

ಸಂಸ್ಕೃತಿಯನ್ನು ಅರಿತ ಆರೈಕೆಯೆಂದರೆ ಮಗುವಿನ ಮಾತು, ನಂಬಿಕೆ, ಬದುಕಿನ ಸ್ಥಿತಿ ಈ ಮೂರನ್ನೂ ತಿಳಿದು ನೀಡುವ ಆರೈಕೆ.

ಮಾತು: ‘ಖಿನ್ನತೆ’, ‘ಆತಂಕ’ ಎಂಬ ಪದಗಳು ಪುಸ್ತಕದವು. ಮಕ್ಕಳೂ ಪೋಷಕರೂ ಆಡುವ ಮಾತುಗಳು ಬೇರೆ. ಎದೆ ಭಾರ, ಹೊಟ್ಟೆ ತೊಳಸು, ತಲೆ ಸಿಡಿತ, ಕೈಕಾಲಿನಲ್ಲಿ ಶಕ್ತಿಯಿಲ್ಲ, ಊಟ ರುಚಿಸುವುದಿಲ್ಲ, ಯಾರೊಡನೆಯೂ ಮಾತು ಬೇಡ ಎಂಬಂತಹ ಹೇಳಿಕೆಗಳಲ್ಲಿ ಮನೋವೇದನೆ ಅಡಗಿರಬಹುದು. ಕರಾವಳಿಯಲ್ಲಿ ‘ಮಂಡೆಬಿಸಿ’ ಎಂದರೆ, ಸೊಲ್ಲಾಪುರದ ಕಡೆ ‘ಮನಸ್ಸಿಗೆ ಹಚ್ಚಿಕೊಂಡಾನ’ ಎನ್ನುತ್ತಾರೆ. ಈ ಮಾತುಗಳನ್ನು ಅಶುದ್ಧವೆಂದು ತಿದ್ದಬಾರದು. ವ್ಯಾಕರಣದ ಪಾಠದಲ್ಲಿ ತಿದ್ದುವ ನಾಲಿಗೆ ಇಲ್ಲಿ ಸುಮ್ಮನಿರಬೇಕು.

ನಂಬಿಕೆ: ‘ಗಾಳಿ ಸೋಕಿದೆ’, ‘ದೃಷ್ಟಿ ತಾಕಿದೆ’ ಎಂದು ಮನೆಯವರು ಹೇಳಿದಾಗ ನಗುವುದೂ ಖಂಡಿಸುವುದೂ ಬಾಗಿಲನ್ನು ಮುಚ್ಚಿದಂತೆ. ಹರಕೆ, ಪೂಜೆ, ತಾಯಿತಗಳೊಡನೆ ವೈದ್ಯರ ಭೇಟಿಯೂ ನಡೆಯಲಿ ಎಂದು ಕೇಳಿಕೊಳ್ಳುವುದು ವಿವೇಕ. ಕೋಲದಲ್ಲಿ ಅಥವಾ ತೆಯ್ಯಂನಲ್ಲಿ ಪಾತ್ರಿಯ ಮೇಲೆ ದೈವ ಬರುವುದು ಸಮುದಾಯವು ಕಾಲ ಸ್ಥಳಗಳನ್ನು ಗೊತ್ತುಪಡಿಸಿ ನಡೆಸುವ ಆಚರಣೆ; ಅದು ರೋಗವಲ್ಲ. ಆಚರಣೆಯ ಹೊರಗೆ, ವಿದ್ಯಾರ್ಥಿನಿಯೊಬ್ಬಳು ಪದೇಪದೇ ಪ್ರಜ್ಞೆ ತಪ್ಪುತ್ತಿದ್ದರೆ, ಅನಂತರ ಬಳಲಿ ಅಂಜುತ್ತಿದ್ದರೆ, ವೈದ್ಯರ ಪರೀಕ್ಷೆ ಅಗತ್ಯ. ಆದರೆ ನಂಬಿಕೆಯ ಹೆಸರಿನಲ್ಲಿ ಮಗುವನ್ನು ಹೊಡೆಯುವುದು, ಕಟ್ಟಿಹಾಕುವುದು, ಬರೆ ಹಾಕುವುದು ನಡೆದರೆ ಅಲ್ಲಿ ಮೌನ ಸಲ್ಲದು.

ಬದುಕಿನ ಸ್ಥಿತಿ: ಜತ್ತದ ಬರಸೀಮೆಯಿಂದ ಕಬ್ಬು ಕಡಿಯಲು, ಆದೋನಿಯ ಕಡೆಯಿಂದ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಪೋಷಕರು ತಿಂಗಳುಗಟ್ಟಲೆ ಹೋಗುತ್ತಾರೆ, ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ, ಇಲ್ಲವೇ ಶಾಲೆ ಬಿಟ್ಟು ಜೊತೆಗೆ ಹೋಗುತ್ತಾರೆ. ಕಾಸರಗೋಡಿನ ಎಣ್ಮಕಜೆ ಮೊದಲಾದ ಪಂಚಾಯತುಗಳಲ್ಲಿ ಗೇರುತೋಟಗಳ ಮೇಲೆ 2000ದವರೆಗೆ ನಡೆದ ಎಂಡೋಸಲ್ಫಾನ್ ಸಿಂಪಡಣೆಯ ಫಲವನ್ನು ಕುಟುಂಬಗಳು ಇಂದಿಗೂ ಅನುಭವಿಸುತ್ತಿವೆ. ಹಾಸಿಗೆ ಹಿಡಿದ ಅಣ್ಣನನ್ನೋ ಅಕ್ಕನನ್ನೋ ನೋಡಿಕೊಂಡು ಶಾಲೆಗೆ ಬರುವ ಮಗುವಿನ ದಣಿವು ಸೋಮಾರಿತನವಲ್ಲ. ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳಲ್ಲಿ 2024ರ ಜುಲೈ 30ರಂದು ಭೂಕುಸಿತವಾದ ಬಳಿಕ ಮಳೆಯ ಸದ್ದಿಗೇ ಬೆಚ್ಚುವ ಮಕ್ಕಳಿಗೆ ಧೈರ್ಯದ ಉಪದೇಶಕ್ಕಿಂತ ಬಳಿಯಲ್ಲಿ ಕುಳಿತುಕೊಳ್ಳುವ ಹಿರಿಯರು ಬೇಕು. ಇವುಗಳ ಜೊತೆಗೆ, ಹತ್ತನೆಯ ತರಗತಿಯ ನಂತರ ಮಾಧ್ಯಮ ಬದಲಾಗುವ ಭಯವು ಗಡಿನಾಡಿನ ಎಲ್ಲೆಡೆಯೂ ಇದೆ.

4. ಒಂದು ನಿದರ್ಶನ

ಜತ್ತ ತಾಲ್ಲೂಕಿನ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳೋಣ. ದೀಪಾವಳಿಯ ನಂತರ ಏಳನೆಯ ತರಗತಿಯ ಹುಡುಗನೊಬ್ಬನು ದಿನವೂ ಹೊಟ್ಟೆನೋವೆಂದು ಹೇಳುತ್ತಾನೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಪರೀಕ್ಷಿಸಿ, ದೈಹಿಕ ಕಾರಣವಿಲ್ಲವೆಂದು ತಿಳಿಸಿದ್ದಾರೆ. ‘ದಿನಾ ಇದೇ ನೆವ’ ಎಂದು ಗದರಿದರೆ ಸಂಭಾಷಣೆ ಅಲ್ಲಿಗೇ ಮುಗಿಯಿತು. ಬದಲಾಗಿ:

“ಬಾ, ಇಲ್ಲೆ ಕುಂದರು. ಯಾವಾಗ ಭಾಳ ನೋಯತೈತಿ?”
“ರಾತ್ರಿ ಮಲಕೊಂಡಾಗ್ರಿ ಸರ.”
“ರಾತ್ರಿ ಮನ್ಯಾಗ ನಿನ್ನ ಕೂಡ ಯಾರಿರತಾರ?”
“ಆಯಿ ಒಬ್ಬಾಕಿ ಇರತಾಳ್ರಿ. ಅವ್ವ ಅಪ್ಪ ಕಬ್ಬ ಕಡ್ಯಾಕ ಹೋಗ್ಯಾರ್ರಿ.”
“ಅವರ ನೆನಪಾಗತೈತಿ ಏನು?”

ಇಲ್ಲಿ ಹುಡುಗನು ಸುಮ್ಮನಾಗಬಹುದು, ಅಳಬಹುದು. ಶಿಕ್ಷಕರು ಆ ಮೌನವನ್ನು ಮಾತಿನಿಂದ ತುಂಬದೆ ಕಾಯಬೇಕು. ‘ಗಂಡುಹುಡುಗ ಅಳಬಾರದು’ ಎನ್ನಬಾರದು. ಪೋಷಕರೊಡನೆ ವಾರದಲ್ಲಿ ಗೊತ್ತಾದ ಹೊತ್ತಿಗೆ ದೂರವಾಣಿಯಲ್ಲಿ ಮಾತನಾಡುವ ವ್ಯವಸ್ಥೆ, ಅಜ್ಜಿಯ ಭೇಟಿ, ಸಂಜೆ ಜೊತೆಗೂಡಿ ಓದುವ ಗೆಳೆಯ ಇವು ಶಿಕ್ಷಕರ ಕೈಯಲ್ಲಿರುವ ಪರಿಹಾರಗಳು. ಎರಡು ಮೂರು ವಾರಗಳಲ್ಲಿ ಸುಧಾರಣೆ ಕಾಣದಿದ್ದರೆ, ನಿದ್ದೆ ಊಟಗಳು ಕೆಡುತ್ತಿದ್ದರೆ, ಸಮಾಲೋಚಕರ ನೆರವು ಬೇಕು.

ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯು ಹೇಳುವ ಮೂರು ಹೆಜ್ಜೆಗಳು ಇವೇ: ನೋಡು, ಕೇಳು, ಜೋಡಿಸು. ಆ ಹುಡುಗನ ನೋವನ್ನು ಶಿಕ್ಷಕರು ಮೊದಲು ಗಮನಿಸಿದರು, ಅನಂತರ ಆಲಿಸಿದರು, ಕೊನೆಗೆ ಅವನನ್ನು ಅವನ ಜನರೊಡನೆ ಜೋಡಿಸಿದರು.

5. ಶಿಕ್ಷಕರ ಮೇರೆ ಮತ್ತು ಕಾನೂನು

ಶಿಕ್ಷಕರು ರೋಗನಿರ್ಣಯ ಮಾಡುವವರಲ್ಲ. ‘ಇವನಿಗೆ ಮಾನಸಿಕ ರೋಗ’ ಎಂಬ ಮಾತು ಸಿಬ್ಬಂದಿ ಕೊಠಡಿಯಿಂದ ಹೊರಟರೆ ಊರೆಲ್ಲ ಹರಡಿ ಮಗುವಿಗೆ ಅಂಟಿಕೊಳ್ಳುತ್ತದೆ. ಗೌಪ್ಯವನ್ನು ಕಾಯಬೇಕು, ಆದರೆ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬಾರದು. ‘ನಿನ್ನ ರಕ್ಷಣೆಗೆ ಬೇಕಾದರೆ ಮಾತ್ರ, ಬೇಕಾದವರಿಗೆ ಮಾತ್ರ ತಿಳಿಸುತ್ತೇನೆ, ತಿಳಿಸುವ ಮೊದಲು ನಿನಗೆ ಹೇಳುತ್ತೇನೆ’ ಎಂಬುದು ಪ್ರಾಮಾಣಿಕ ವಚನ.

ಈ ಕಾನೂನುಗಳು ಪ್ರತಿಯೊಬ್ಬ ಶಿಕ್ಷಕರಿಗೂ ತಿಳಿದಿರಬೇಕು:

• 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ.
• 2012ರ ಪೋಕ್ಸೊ ಕಾಯಿದೆಯ 19ನೇ ಪ್ರಕರಣದಂತೆ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಶಿಕ್ಷಾರ್ಹ. ದೂರು ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ದಾಖಲಾಗುತ್ತಿದ್ದರೆ ಭಾಷಾಂತರಕಾರರನ್ನು ಒದಗಿಸಬೇಕೆಂದು ಅದೇ ಪ್ರಕರಣ ಹೇಳುತ್ತದೆ. ಗಡಿನಾಡಿನಲ್ಲಿ ಇದನ್ನು ಕೇಳಿ ಪಡೆಯಬೇಕು.
• 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಧರ್ಮ, ಜಾತಿ, ಸಂಸ್ಕೃತಿಗಳ ಭೇದವಿಲ್ಲದೆ ಸರ್ಕಾರಿ ಆರೈಕೆಯನ್ನು ಪಡೆಯುವ ಹಕ್ಕನ್ನು ನೀಡಿದೆ. ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎಂದು 115ನೇ ಪ್ರಕರಣವು ತಿಳಿಸುತ್ತದೆ.

ಮಗುವು ‘ಬದುಕಿ ಏನು ಪ್ರಯೋಜನ’ ಎಂಬರ್ಥದ ಮಾತನ್ನು ಆಡಿದರೆ ಅದನ್ನು ತೇಲಿಸಿಬಿಡಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ, ಪೋಷಕರನ್ನು ಕರೆಸಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ನಿಮ್ಮ ಊರಿನಿಂದ ಕರೆಮಾಡಿ, ಕನ್ನಡದ ಆಯ್ಕೆ ದೊರೆಯುವ ಬಗೆಯನ್ನು ಮೊದಲೇ ತಿಳಿದುಕೊಂಡಿರಿ. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಸಹಾಯವಾಣಿ ಇದೆ.

6. ದುಭಾಷಿಯ ಧರ್ಮ

ಶಾಲೆಗೆ ಬರುವ ಸಮಾಲೋಚಕರಿಗೆ ಕನ್ನಡ ಬಾರದಿದ್ದಾಗ ಕನ್ನಡ ಶಿಕ್ಷಕರೇ ದುಭಾಷಿಗಳಾಗಬೇಕಾಗುತ್ತದೆ. ಆಗ ಪಾಲಿಸಬೇಕಾದ ನಿಯಮಗಳು:

(1) ಮಗುವಿನ ಒಪ್ಪಿಗೆ ಪಡೆಯಿರಿ. ನಿಮ್ಮ ಎದುರಿಗೆ ಹೇಳಲು ಅದು ಹಿಂಜರಿದರೆ ಬೇರೊಬ್ಬ ಶಿಕ್ಷಕರನ್ನು ಹುಡುಕಿರಿ.
(2) ಹೇಳಿದ್ದನ್ನು ಹೇಳಿದಂತೆಯೇ ದಾಟಿಸಿರಿ. ಸಂಕೋಚದಿಂದ ಮಾತನ್ನು ತಿದ್ದಬೇಡಿ, ನಿಮ್ಮ ಅಭಿಪ್ರಾಯ ಸೇರಿಸಬೇಡಿ.
(3) ‘ಎದೆ ಭಾರ’ದಂತಹ ಮಾತು ಬಂದಾಗ ಮೊದಲು ಅಕ್ಷರಶಃ ಹೇಳಿ, ಅನಂತರ ಊರಿನ ಬಳಕೆಯ ಅರ್ಥವನ್ನು ವಿವರಿಸಿರಿ.
(4) ಸಮಾಲೋಚಕರು ಮಗುವಿನ ಮುಖ ನೋಡಿ ಮಾತನಾಡುವಂತೆ ಕುಳಿತುಕೊಳ್ಳಿ.
(5) ಪೋಷಕರೊಡನೆ ಮಾತನಾಡುವಾಗ ಮಗುವನ್ನೇ ದುಭಾಷಿಯನ್ನಾಗಿ ಮಾಡಬೇಡಿ. ತನ್ನ ನೋವನ್ನು ತಾನೇ ತಂದೆತಾಯಿಗೆ ಅನುವಾದಿಸುವ ಹೊರೆ ಮಗುವಿನದಾಗಬಾರದು.

7. ತರಬೇತಿಯ ದಾರಿಗಳು

ಎನ್‌ಸಿಇಆರ್‌ಟಿಯು ಮಾರ್ಗದರ್ಶನ ಮತ್ತು ಸಮಾಲೋಚನೆಯಲ್ಲಿ ಒಂದು ವರ್ಷದ ಡಿಪ್ಲೊಮಾ ರೂಪಿಸಿದೆ: ಆರು ತಿಂಗಳು ದೂರಶಿಕ್ಷಣ, ಮೂರು ತಿಂಗಳು ಕೇಂದ್ರದಲ್ಲಿ ಮುಖಾಮುಖಿ ಬೋಧನೆ, ಮೂರು ತಿಂಗಳು ಸ್ವಸ್ಥಳದಲ್ಲಿ ಪ್ರಾಯೋಗಿಕ ಕೆಲಸ. ಕೇರಳ, ತಮಿಳುನಾಡು, ಆಂಧ್ರಪ್ರದೇಶ, ತೆಲಂಗಾಣಗಳು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ವ್ಯಾಪ್ತಿಯಲ್ಲಿವೆ. ಮಹಾರಾಷ್ಟ್ರ, ಗೋವೆಗಳು ಭೋಪಾಲದ ಸಂಸ್ಥೆಯ ವ್ಯಾಪ್ತಿಯಲ್ಲಿವೆ.

ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳಾಗಿ ತರಬೇತುಗೊಳಿಸಲಾಗುತ್ತದೆ. ಅದರ 11 ವಿಷಯಗಳಲ್ಲಿ ಭಾವನಾತ್ಮಕ ಸ್ವಾಸ್ಥ್ಯವೂ ಒಂದು. ಕನ್ನಡ ವಿಭಾಗದ ಒಬ್ಬರು ಆ ಇಬ್ಬರಲ್ಲಿ ಇರುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳಬೇಕು. ನಿಮ್ಹಾನ್ಸ್‌ನ ‘ಸಂವಾದ’ ಉಪಕ್ರಮವು 2020ರಿಂದ ಮಕ್ಕಳ ರಕ್ಷಣೆ, ಮನೋಸಾಮಾಜಿಕ ಆರೈಕೆಗಳಲ್ಲಿ ತರಬೇತಿ ನೀಡುತ್ತಿದೆ.

ಕನ್ನಡದಲ್ಲಿ ಈ ವಿಷಯದ ಓದಿಗೆ ಕೊರತೆಯಿಲ್ಲ. ‘ರಾಶಿ’ ಎಂದೇ ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯ ಓದುಗರಿಗಾಗಿ ಅನೇಕ ಪುಸ್ತಕಗಳನ್ನು ಬರೆದಿದ್ದಾರೆ. ಇಂತಹವು ಶಾಲೆಯ ಕನ್ನಡ ಗ್ರಂಥಭಂಡಾರದಲ್ಲಿರುವುದು ಉಚಿತ.

8. ಅಭ್ಯಾಸ

1. ನಿಮ್ಮ ಊರಿನಲ್ಲಿ ಮನೋವೇದನೆಯನ್ನು ಸೂಚಿಸುವ 20 ಮಾತುಗಳನ್ನು ಸಂಗ್ರಹಿಸಿ, ಪ್ರತಿಯೊಂದರ ಸಂದರ್ಭವನ್ನೂ ರಾಜ್ಯಭಾಷೆಯ ಸಮಾನ ಪದವನ್ನೂ ಬರೆಯಿರಿ. ಇದನ್ನು ಶಾಲೆಗೆ ಬರುವ ಸಮಾಲೋಚಕರಿಗೆ ಒಪ್ಪಿಸಿರಿ.
2. ಸಮೀಪದ ಆರೋಗ್ಯ ಕೇಂದ್ರ, ಜಿಲ್ಲಾ ಮಾನಸಿಕ ಆರೋಗ್ಯ ಘಟಕ, ಮಕ್ಕಳ ರಕ್ಷಣಾ ಘಟಕ ಇವುಗಳ ವಿಳಾಸ, ದೂರವಾಣಿ, ಅಲ್ಲಿ ಕನ್ನಡ ಬಲ್ಲವರ ವಿವರಗಳ ಒಂದು ಪಟ್ಟಿ ತಯಾರಿಸಿರಿ.
3. ನಾಲ್ಕನೆಯ ವಿಭಾಗದ ಸಂಭಾಷಣೆಯನ್ನು ನಿಮ್ಮ ಊರಿನ ಆಡುಮಾತಿನಲ್ಲಿ ಮುಂದುವರಿಸಿ, ಸಹೋದ್ಯೋಗಿಗಳೊಡನೆ ಅಭಿನಯಿಸಿರಿ. ಒಬ್ಬರು ದುಭಾಷಿಯಾಗಲಿ.
4. ಚರ್ಚಿಸಿರಿ: ಪೋಷಕರು ಮಗುವನ್ನು ವೈದ್ಯರ ಬಳಿಗೆ ಕರೆದೊಯ್ಯಲು ಒಪ್ಪದಿದ್ದರೆ, ಅವರ ನಂಬಿಕೆಗೆ ನೋವಾಗದಂತೆ ಯಾವ ಮಾತಿನಿಂದ ಆರಂಭಿಸುವಿರಿ? ಯಾವ ಸಂದರ್ಭದಲ್ಲಿ ಅವರ ಒಪ್ಪಿಗೆಗಾಗಿ ಕಾಯದೆ 1098ಕ್ಕೆ ತಿಳಿಸುವಿರಿ?