ಸಮಾನತೆ: ಕುದ್ಮುಲ್ ರಂಗರಾಯರು ಕಲಿಸಿದ ಪಾಠ



ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು ನಮ್ಮ ಸಂವಿಧಾನದ 14ನೆಯ ವಿಧಿಯು ಸಾರುತ್ತದೆ. ಈ ಒಂದು ವಾಕ್ಯವನ್ನು ಉತ್ತರ ಪತ್ರಿಕೆಯಲ್ಲಿ ಬರೆದು ಅಂಕ ಗಳಿಸುವುದು ಕಷ್ಟವಲ್ಲ. ಆದರೆ ಎಲ್ಲರಿಗೂ ಒಂದೇ ನಿಯಮವನ್ನು ಅನ್ವಯಿಸಿದ ಮಾತ್ರಕ್ಕೆ ಸಮಾನತೆಯು ಬಂದೀತೇ? ಈ ಪ್ರಶ್ನೆಯನ್ನು ನಮ್ಮ ಕಾಸರಗೋಡಿನಲ್ಲೇ ಹುಟ್ಟಿದ ಮಹನೀಯರೊಬ್ಬರ ಕಾರ್ಯದ ಮೂಲಕ ವಿಚಾರ ಮಾಡೋಣ.

ಕುದ್ಮುಲ್ ರಂಗರಾಯರು 1859ರಲ್ಲಿ ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ಮಂಗಳೂರಿಗೆ ಹೋಗಿ ಮೊದಲು ಮಾಸ್ತರರಾಗಿ, ಬಳಿಕ ವಕೀಲರಾಗಿ ದುಡಿದರು. ಆ ಕಾಲದಲ್ಲಿ ಶಾಲೆಗಳು ಇದ್ದರೂ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು ಅವುಗಳ ಜಗಲಿ ಹತ್ತುವಂತಿರಲಿಲ್ಲ. ರಂಗರಾಯರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಆ ಮಕ್ಕಳಿಗಾಗಿಯೇ ಶಾಲೆಯೊಂದನ್ನು ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸ್ವಜಾತಿಯವರ ಬಹಿಷ್ಕಾರವನ್ನೂ ಸಹಿಸಿದರು.

ಶಾಲೆಯ ಬಾಗಿಲೇನೋ ತೆರೆಯಿತು. ಆದರೆ ಮಕ್ಕಳು ಬರಬೇಕಲ್ಲ! ದಿನಗೂಲಿಯ ಮನೆಯಲ್ಲಿ ದನ ಮೇಯಿಸುವ ಹುಡುಗನೂ ಒಂದು ಹೊತ್ತಿನ ಗಂಜಿಗೆ ಆಧಾರ. ಅವನು ಶಾಲೆಗೆ ಹೋದರೆ ಆ ಗಂಜಿಗೆ ಸಂಚಕಾರ. ಇದನ್ನು ಅರಿತ ರಂಗರಾಯರು ಶಾಲೆಗೆ ಬಂದ ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ದಿನಕ್ಕೆ ಎರಡು ಪೈಸೆಯನ್ನೂ ಕೊಡುವ ಏರ್ಪಾಡು ಮಾಡಿದರು. ಅಕ್ಷರದ ಜೊತೆಗೆ ನೇಯ್ಗೆಯಂತಹ ಕಸಬನ್ನೂ ಕಲಿಸಿದರು. ತಾನು ಓದಿಸಿದ ಮಕ್ಕಳು ಉದ್ಯೋಗ ಹಿಡಿದು ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಹಂಬಲವಾಗಿತ್ತು. 1928ರಲ್ಲಿ ಅವರು ತೀರಿಕೊಂಡರು. ಮಂಗಳೂರಿನ ಪುರಭವನ ಇಂದು ಅವರ ಹೆಸರಿನಲ್ಲಿದೆ.

ಇದರಿಂದ ನಾವು ತಿಳಿಯಬೇಕಾದ ಪಾಠವೇನು? ಬಾಗಿಲು ತೆರೆದರೆ ಸಾಲದು, ಬಾಗಿಲಿನ ತನಕ ಬರಲು ದಾರಿಯೂ ಬೇಕು. ಈ ಅಳತೆಗೋಲನ್ನು ಹಿಡಿದು ನಮ್ಮ ಸುತ್ತಲಿನ ಮೂರು ರಂಗಗಳನ್ನು ನೋಡೋಣ.

1. ವಿದ್ಯೆ

1956ರ ನವಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯಿಂದ 350ಎ ವಿಧಿಯೂ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಅನುಕೂಲ ಒದಗಿಸಬೇಕೆಂದು ಅದು ಹೇಳುತ್ತದೆ. ಇದೇನೂ ವಿಶೇಷ ದಯೆಯಲ್ಲ. ಮಲಯಾಳವನ್ನು ಒಂದು ಭಾಷೆಯಾಗಿ ಕಲಿಯುವುದು ಬೇರೆ. ಅದು ಅಗತ್ಯವೂ ಹೌದು, ಲಾಭವೂ ಹೌದು. ಆದರೆ ತಿಳಿಯದ ಭಾಷೆಯಲ್ಲಿ ಗಣಿತವನ್ನು ಕಲಿಯಬೇಕಾಗಿ ಬರುವುದು ಬೇರೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ವಿಭಾಗಕ್ಕೆ ನೇಮಿಸಿದಾಗ ನಮ್ಮ ಜಿಲ್ಲೆಯ ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದು ಇದೇ ಕಾರಣದಿಂದ. ತರಗತಿಯೂ ಇದೆ, ಅಧ್ಯಾಪಕರೂ ಇದ್ದಾರೆ. ಪಾಠ ಮಾತ್ರ ಮಗುವನ್ನು ಮುಟ್ಟುವುದಿಲ್ಲ.

ಇಲ್ಲಿ ನಮ್ಮನ್ನೂ ನಾವು ಕೇಳಿಕೊಳ್ಳಬೇಕು. ನಮ್ಮ ಕನ್ನಡ ತರಗತಿಗಳಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಕೊರಗ ಮನೆಮಾತಿನ ಮಕ್ಕಳೂ ಇರುತ್ತಾರೆ. ಅವರ ಉಚ್ಚಾರವನ್ನು ಕಂಡು ನಾವು ನಕ್ಕರೆ, ನಮಗಾದ ನೋವನ್ನೇ ಅವರಿಗೆ ದಾಟಿಸಿದಂತಾಗುತ್ತದೆ.

2. ದುಡಿಮೆ

ಗಂಡಸಿಗೂ ಹೆಂಗಸಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಇರಬೇಕೆಂದು ಸಂವಿಧಾನದ 39(ಡಿ) ವಿಧಿಯು ರಾಜ್ಯಕ್ಕೆ ನಿರ್ದೇಶಿಸುತ್ತದೆ. 1976ರಲ್ಲಿ ಇದಕ್ಕಾಗಿ ಸಮಾನ ವೇತನ ಕಾಯಿದೆಯಾಯಿತು. ಅದರ ಸಾರವನ್ನು 2019ರ ವೇತನ ಸಂಹಿತೆಯಲ್ಲಿ ಸೇರಿಸಲಾಯಿತು. ಹಾಗಿದ್ದೂ ತೋಟದ ಕೆಲಸದಲ್ಲಿ ಗಂಡಾಳಿನ ಸಂಬಳ, ಹೆಣ್ಣಾಳಿನ ಸಂಬಳ ಎಂಬ ಎರಡು ಮಾತುಗಳು ನಮ್ಮ ಬಾಯಲ್ಲಿ ಉಳಿದೇ ಇವೆ. ಕೆಲಸವೇ ಬೇರೆ ಎಂಬುದು ಸಮರ್ಥನೆ. ಬೆಳಗ್ಗಿನಿಂದ ಸಂಜೆಯ ವರೆಗೆ ಬಗ್ಗಿ ಅಡಿಕೆ ಹೆಕ್ಕುವುದೂ ಸೊಪ್ಪು ಹೊರುವುದೂ ಹಗುರ ಕೆಲಸವೆಂದು ತೀರ್ಮಾನಿಸಿದವರು ಯಾರು?

ಬೀಡಿ ಕಟ್ಟುವ ಕೆಲಸವನ್ನು ನೋಡಿರಿ. ಸಾವಿರ ಬೀಡಿಗೆ ಇಷ್ಟೆಂದು ಮಜೂರಿ. ಕಟ್ಟುವವರು ಗಂಡಸಾದರೂ ಹೆಂಗಸಾದರೂ ದರ ಒಂದೇ. ಕಾಗದದ ಮೇಲೆ ಭೇದವಿಲ್ಲ. ಆದರೆ ಮನೆಗಳಲ್ಲಿ ಕುಳಿತು ಬೀಡಿ ಕಟ್ಟುವವರಲ್ಲಿ ಹೆಚ್ಚಿನವರು ಹೆಂಗಸರೇ. ಅಡುಗೆಯ ನಡುವೆ ಬಿಡುವು ಮಾಡಿಕೊಂಡು ಮಾಡುವ ಕೆಲಸವೆಂದು ಅದನ್ನು ಅಗ್ಗವಾಗಿ ಕಾಣುವ ವಾಡಿಕೆ ಬೆಳೆದಿದೆ. ಭೇದಭಾವವು ಹೀಗೆ ದರದ ಒಳಗೇ ಅಡಗಿ ಕುಳಿತುಕೊಳ್ಳಬಲ್ಲುದು.

3. ಆರೋಗ್ಯ

1970ರ ದಶಕದ ಕೊನೆಯಿಂದ 2000ದ ತನಕ ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಎಣ್ಮಕಜೆಯಂತಹ ಗ್ರಾಮಗಳಲ್ಲಿ ಬಾವಿ, ತೋಡು, ಅಂಗಳಗಳ ಮೇಲೆಲ್ಲ ವಿಷ ಬಿತ್ತು. ತೋಟದ ಪಕ್ಕ ವಾಸಿಸುತ್ತಿದ್ದವರು ಬಹುಪಾಲು ಬಡವರು. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಈ ವಿಷವನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆಜ್ಞಾಪಿಸಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಕೋರ್ಟು ಲೆಕ್ಕ ಕೇಳಿದಾಗ 3,704 ಸಂತ್ರಸ್ತರ ಪೈಕಿ ಹಣ ಸಂದದ್ದು ಎಂಟೇ ಮಂದಿಗೆ! ಅವರು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದವರು. ಆಜ್ಞೆ ಎಲ್ಲರಿಗೂ ಒಂದೇ ಆಗಿತ್ತು. ದೆಹಲಿಯ ವರೆಗೆ ಹೋಗುವ ಶಕ್ತಿ ಮಾತ್ರ ಎಲ್ಲರಿಗೂ ಇರಲಿಲ್ಲ.

2020ರ ಮಾರ್ಚಿನಲ್ಲಿ ಕೊರೋನಾ ನಿಮಿತ್ತ ಕರ್ನಾಟಕವು ತಲಪಾಡಿಯ ದಾರಿಯನ್ನು ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ನಮ್ಮವರ ಪಾಡು ಎಲ್ಲರಿಗೂ ತಿಳಿದದ್ದೇ. ರೋಗಿಗಳು ದಾರಿ ಕಾಣದೆ ಪ್ರಾಣ ಬಿಟ್ಟರು. ದಾರಿಯಿಲ್ಲದ ಹಕ್ಕು ಎಷ್ಟು ದುರ್ಬಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮಿತ್ರರೇ, ಭೇದಭಾವ ಮಾಡುವವರೆಲ್ಲ ದುಷ್ಟರೇ ಆಗಿರಬೇಕೆಂದಿಲ್ಲ. ಒಂದು ಅರ್ಜಿ ನಮೂನೆ, ಒಂದು ಕೂಲಿ ದರ, ಒಂದು ಮುಚ್ಚಿದ ಗೇಟು ಸಾಕು. ನಾಳೆ ನಿಮ್ಮಲ್ಲಿ ಕೆಲವರು ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯಲ್ಲಿ ಕುಳಿತುಕೊಳ್ಳುವಿರಿ. ಆಗ ಬಾಗಿಲು ತೆರೆದಿದೆಯೇ ಎಂದು ನೋಡಿ ತೃಪ್ತರಾಗಬೇಡಿರಿ. ಬಾರದೆ ಉಳಿದವರು ಯಾರು, ಏಕೆ ಬರಲಿಲ್ಲ ಎಂದು ವಿಚಾರಿಸಿರಿ. ರಂಗರಾಯರ ಎರಡು ಪೈಸೆಯ ಬೆಲೆ ಆಗ ತಿಳಿಯುತ್ತದೆ.

ಅಭ್ಯಾಸ

1. ರಂಗರಾಯರು ಮಕ್ಕಳಿಗೆ ಊಟವನ್ನೂ ಎರಡು ಪೈಸೆಯನ್ನೂ ಕೊಟ್ಟುದೇಕೆ?
2. ಎಲ್ಲರಿಗೂ ಒಂದೇ ಆಗಿದ್ದು, ಕೆಲವರಿಗೆ ಮಾತ್ರ ಕಷ್ಟವಾಗುವ ನಿಯಮವೊಂದನ್ನು ನಿಮ್ಮ ಊರಿನಲ್ಲಿ ಗುರುತಿಸಿರಿ.
3. ನಿಮ್ಮ ಮನೆಯ ಹಿರಿಯ ಹೆಂಗಸರ ಒಂದು ದಿನದ ದುಡಿಮೆಯನ್ನು ಗಂಟೆ ಗಂಟೆಯಾಗಿ ಕೇಳಿ ಬರೆಯಿರಿ.